ಸೈನ್ಯದ ಹಳೇ ಗಾಡಿ ನಮ್ಮ ಹೆಸರಿಗೆ: ಭಾನುವಾರದ ಪ್ರಶ್ನೋತ್ತರ

ಗುಂಪಿನ ನಿರ್ವಾಹಕ: ಈ ವಾರದ ವಿಷಯ ಸೈನ್ಯ ಹರಾಜು ಹಾಕಿದ ಜೀಪು, ಲಾರಿಗಳ ದಾಖಲೆ. ಉತ್ತರ ಕೊಡೋರು ದಾವಣಗೆರೆಯಲ್ಲಿರೋ ನಿವೃತ್ತ ಮೋಟಾರು ವಾಹನ ನಿರೀಕ್ಷಕರು, ನಮ್ಮ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು. ಕೇಳೋ ಮುಂಚೆ ಮೇಲಿನ ಉತ್ತರ ಓದಿಕೊಳ್ಳಿ.

ಹರಿಹರ ಗ್ಯಾರೇಜ್: ನಮಸ್ಕಾರ ಸರ್. ಮಿಲಿಟರಿ ಗಾಡಿ ತಗೊಂಡ್ರೆ ಫಾರಂ 29, 30 ಕೊಟ್ರೆ ಸಾಕೇನ್ರಿ?

ಇನ್ಸ್‌ಪೆಕ್ಟರ್: ನಮಸ್ಕಾರ. ಸಾಲದು. 29, 30 ಬೇಕಾಗುವುದು ಈಗಾಗಲೇ ಆರ್‌ಸಿ ಇರುವ ಗಾಡಿ ಕೈ ಬದಲಾದಾಗ. ಸೈನ್ಯದಲ್ಲಿದ್ದಷ್ಟು ದಿನ ಗಾಡಿಗೆ ಆರ್‌ಟಿಓ ಆರ್‌ಸಿಯೇ ಇರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 60ನೇ ಕಲಂ ಪ್ರಕಾರ ರಕ್ಷಣಾ ಇಲಾಖೆಯೇ ನೋಂದಾಯಿಸಿ, ಬಾಣದ ಗುರುತಿನ ನಂಬರು ಕೊಟ್ಟಿರುತ್ತದೆ. ಸೇವೆಯಿಂದ ಹೊರಬಂದ ಮೇಲೆ ಹೊಸ ಗಾಡಿಯ ಹಾಗೆಯೇ ನೋಂದಣಿ ಆಗಬೇಕು. ಫಾರಂ 20ರಲ್ಲಿ ಅರ್ಜಿ, ಅದರ ಜೊತೆ ರಕ್ಷಣಾ ಇಲಾಖೆಯ ಅಧಿಕಾರಿ ಸಹಿ ಮಾಡಿದ ಫಾರಂ 21ರ ಮೂಲಪ್ರತಿ. ಶೋರೂಂನವರು ಹೊಸ ಗಾಡಿಗೆ ಕೊಡುತ್ತಾರಲ್ಲ, ಅದೇ ಮಾರಾಟ ಪ್ರಮಾಣಪತ್ರ. ಕೇಂದ್ರ ಮೋಟಾರು ವಾಹನ ನಿಯಮಗಳ 47ರಲ್ಲಿ ಸೈನ್ಯದ ಗಾಡಿಗೆಂದೇ ಇದನ್ನು ಬರೆದಿದ್ದಾರೆ. ವಿಮೆ, ವಿಳಾಸದ ದಾಖಲೆ, ತಪಾಸಣೆ, ತೆರಿಗೆ ಎಲ್ಲ ಅದರ ಹಿಂದೆ. 21 ಯಾರ ಹೆಸರಿಗಿದೆಯೋ ಅವರ ಹೆಸರಿಗೇ ಮೊದಲ ಆರ್‌ಸಿ. ಅವರಿಂದ ನಿಮಗೆ ಬರುವಾಗ 29, 30.

ಚನ್ನಗಿರಿ ರೈತ: ಸರ್, ಇದು ಬಂದೈತಿ ನೋಡ್ರಿ: “100 ರೂಪಾಯಿ ಛಾಪಾ ಕಾಗದದಲ್ಲಿ ಅಫಿಡವಿಟ್ ಬರೆದು ನೋಟರಿ ಮಾಡಿಸಿದರೆ ಮಿಲಿಟರಿ ಗಾಡಿಗೆ ಆರ್‌ಟಿಓ ನಂಬರ್ ಕೊಡಲೇಬೇಕು. 30 ದಿನದಲ್ಲಿ ಕೊಡದಿದ್ದರೆ ತಾನಾಗೇ ನೋಂದಣಿ ಆದಂತೆ. ಎಲ್ಲರಿಗೂ ಕಳಿಸಿ.” ಖರೇನಾ?

ಇನ್ಸ್‌ಪೆಕ್ಟರ್: ಸುಳ್ಳು. ಸಹಿ ಹಾಕಿದವರು ಯಾರು ಎಂದಷ್ಟೇ ನೋಟರಿ ನೋಡುತ್ತಾರೆ, ಗಾಡಿ ಯಾರದು ಎಂದಲ್ಲ. ತಾನಾಗೇ ಆಗುವ ನೋಂದಣಿ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ದಯವಿಟ್ಟು ಮುಂದೆ ಕಳಿಸಬೇಡಿ.

ಹೊಳಲ್ಕೆರೆ ಅಡಿಕೆ ತೋಟ: ಸಾರ್, ಮೂರು ತಿಂಗಳ ಹಿಂದೆ ಮಿಲಿಟರಿಯದೊಂದು ಜೋಂಗಾ ಜೀಪು ತಗೊಂಡೆ. ಗುಜರಿಯವರು ಹರಾಜಲ್ಲಿ ಹಿಡಿದಿದ್ದು, ಅವರಿಂದ ಒಬ್ಬರು, ಅವರಿಂದ ನಾನು. ಹರಾಜಿನ ರಿಲೀಸ್ ಆರ್ಡರ್ ಜೆರಾಕ್ಸ್ ಐತೆ, 2006ದು. ಬಾಣದ ನಂಬರು 92ರಿಂದ ಶುರು, ಅಂದ್ರೆ 1992ರ ಗಾಡಿ. ಜೊತೆಗೆ ಬೇರೆ ರಾಜ್ಯದ ಆರ್‌ಸಿ ಕೊಟ್ಟವ್ರೆ, ಅದರಲ್ಲಿ ಮೊದಲ ನೋಂದಣಿ 2001. ಎನ್‌ಓಸಿ ತರಿಸಿಕೊಡ್ತೀನಿ ಅಂತ ಮಾರಿದವರು ಹೇಳ್ತಾವ್ರೆ. ಕೆಎ-16 ನಂಬರು ಬರೋಕೆ ಎಷ್ಟು ದಿನ ಆಗುತ್ತೆ?

ಇನ್ಸ್‌ಪೆಕ್ಟರ್: ದಿನದ ಲೆಕ್ಕ ಆಮೇಲೆ. ಆರ್‌ಸಿಯಲ್ಲಿ ಇಂಧನ ಏನೆಂದಿದೆ? ಗಾಡಿಯಲ್ಲಿರುವ ಇಂಜಿನ್ ಯಾವುದು?

ಹೊಳಲ್ಕೆರೆ ಅಡಿಕೆ ತೋಟ: ಆರ್‌ಸಿನಲ್ಲಿ ಡೀಸೆಲ್ ಸಾರ್. ಗಾಡಿ ಪೆಟ್ರೋಲು, ಒರಿಜಿನಲ್ ಆರು ಸಿಲಿಂಡರ್.

ದುರ್ಗದ ಹುಡುಗ: ಸರ್ 29, 30 ಆನ್‌ಲೈನಲ್ಲಿ ಹಾಕಬಹುದಾ ಮಿಲಿಟರಿ ಗಾಡಿಗೆ?

ಇನ್ಸ್‌ಪೆಕ್ಟರ್: ಮೊದಲ ಉತ್ತರ ಓದಿ.

ಹೊಳಲ್ಕೆರೆಯವರೇ, ನಿಮ್ಮ ವಿಷಯ ನನಗೆ ಸರಿ ಕಾಣುತ್ತಿಲ್ಲ. ಸಮಾಧಾನವಾಗಿ ಓದಿ. ಜೋಂಗಾ ಜಬಲ್‌ಪುರದ ಕಾರ್ಖಾನೆಯಿಂದ ಹೊರಬಂದದ್ದು ನಿಸ್ಸಾನ್‌ನ 3956 ಸಿಸಿ ಪೆಟ್ರೋಲ್ ಇಂಜಿನ್ ಜೊತೆ. ಹೊಟ್ಟೆಬಾಕ ಇಂಜಿನ್ ಅಂತ ಎಷ್ಟೋ ಜನ ಆಮೇಲೆ ಡೀಸೆಲ್ ಕೂರಿಸಿದ್ದಾರೆ. ಹಾಗೆ ಮಾಡಿ, 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ನಮೂದಿಸಿದ್ದರೆ ಕಾಗದವೂ ಡೀಸೆಲ್, ಗಾಡಿಯೂ ಡೀಸೆಲ್ ಇರಬೇಕಿತ್ತು. ನಿಮ್ಮಲ್ಲಿ ಗಾಡಿ ಹುಟ್ಟಿದಂತೆಯೇ ಇದೆ, ಕಾಗದ ಮಾತ್ರ ಬೇರೆ ಇಂಜಿನ್ ಹೇಳುತ್ತಿದೆ.

ಅದಕ್ಕಿಂತ ದೊಡ್ಡದು ಇಸವಿ. ಸೈನ್ಯ ಈ ಗಾಡಿಯನ್ನು ಕೈಬಿಟ್ಟದ್ದು 2006ರಲ್ಲಿ ಎಂದು ನಿಮ್ಮ ರಿಲೀಸ್ ಆರ್ಡರ್ ಹೇಳುತ್ತದೆ. ಹಾಗಾದರೆ 2001ರಲ್ಲಿ ಅದು ಇನ್ನೂ ಯಾವುದೋ ಯೂನಿಟ್‌ನಲ್ಲಿ ಬಾಣದ ನಂಬರು ಹೊತ್ತು ಓಡಾಡುತ್ತಿತ್ತು. ಆ ವರ್ಷ ಖಾಸಗಿಯವರ ಹೆಸರಿಗೆ ಆರ್‌ಸಿ ಆಗುವುದು ಹೇಗೆ? ಇದು ಬೇರೆ ಗಾಡಿಯ ಆರ್‌ಸಿ. ಆ ಗಾಡಿ ಗುಜರಿಗೆ ಹೋಗಿರಬೇಕು, ಅದರ ಕಾಗದವನ್ನು ನಿಮ್ಮದಕ್ಕೆ ಹೊದಿಸಿದ್ದಾರೆ. ಇಲ್ಲವೇ ರಿಲೀಸ್ ಆರ್ಡರ್ ಬೇರೆ ಗಾಡಿಯದು. ಎರಡೂ ಒಂದೇ ಗಾಡಿಯವು ಆಗಲು ಸಾಧ್ಯವಿಲ್ಲ.

ಎನ್‌ಓಸಿಗೆ ಕಾಯುತ್ತಾ ಕೂರಬೇಡಿ. ಆ ಆರ್‌ಸಿ ಮೇಲೆ ಎನ್‌ಓಸಿ ಬಂದರೂ ದುರ್ಗದ ಕಚೇರಿಯಲ್ಲಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದ ದಿನ ಸಿಕ್ಕಿಬೀಳುವವರು ನೀವು, ಮಾರಿದವರಲ್ಲ. ಚಾಸಿ ಮೇಲೆ ಹೊಡೆದ ನಂಬರಿನ ಫೋಟೊ, ನಂಬರು ಬರೆದ ತಗಡಿನ ಪಟ್ಟಿಯ ಫೋಟೊ ಹಗಲು ಬೆಳಕಲ್ಲಿ ತೆಗೆದು ನನಗೆ ಮಾತ್ರ ಕಳಿಸಿ. ಗುಂಪಿಗೆ ಹಾಕಬೇಡಿ.

ಹರಿಹರ ಗ್ಯಾರೇಜ್: ಸರ್ ಹೆದರಿಸಬ್ಯಾಡ್ರಿ ಅವ್ರನ್ನ. ಬ್ಯಾರೆ ರಾಜ್ಯದ ಎನ್‌ಓಸಿ ಮ್ಯಾಲೆ ಎಷ್ಟೋ ಜೋಂಗಾ ಓಡ್ತಾವ.

ಇನ್ಸ್‌ಪೆಕ್ಟರ್: ಓಡುತ್ತಿರಬಹುದು. ಅಪಘಾತವಾಗಿ ಒಬ್ಬರು ಸತ್ತರೆ ವಿಮೆಯವರು ಮೊದಲು ನೋಡುವುದು ಚಾಸಿ ನಂಬರನ್ನು. ಪರಿಹಾರ ಆಗ ಮಾಲೀಕರ ತೋಟ ಮಾರಿ ಕೊಡಬೇಕಾಗುತ್ತದೆ. ನೀವು ಕೊಡುತ್ತೀರಾ?

ಜಗಳೂರು ಟ್ಯಾಂಕರ್: ಸರ್, ಶಕ್ತಿಮಾನ್ ಲಾರಿ ಸಿಕ್ಕೈತಿ, ಗುಜರಿ ಲಾಟಿನಾಗೆ. ತೋಟಕ್ಕೆ ನೀರು ಹೊಡಿಯಾಕ ಟ್ಯಾಂಕರ್ ಮಾಡ್ಬೇಕು. ನಂಬರ್ ಸಿಗ್ತದೇನ್ರಿ?

ಇನ್ಸ್‌ಪೆಕ್ಟರ್: ಗುಜರಿ ಎಂದು ಮಾರಿದ್ದರೆ ಫಾರಂ 21 ಬರುವುದಿಲ್ಲ, ನಂಬರೂ ಇಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳಿಗೆ ನೋಂದಣಿ ಮುಂದುವರಿಸುವುದನ್ನೇ ನಿಲ್ಲಿಸಿದ್ದಾರೆ. ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗೆ ಬಳಸುವ ವಿಶೇಷ ಗಾಡಿಗಳಿಗೆ ಮಾತ್ರ ವಿನಾಯಿತಿ. ಹರಾಜಿನ ಷರತ್ತಿನಲ್ಲಿ ಏನು ಬರೆದಿದೆ ಎಂದು ಓದದೆ ಹಣ ಕೊಡಬೇಡಿ.

ದುರ್ಗದ ಹುಡುಗ: ಬಣ್ಣ ಹಂಗೇ ಮಿಲಿಟರಿ ಹಸಿರು ಇಟ್ಕೋಬಹುದಾ? ಬಾಣದ ಪ್ಲೇಟು ಕೂಡ ಸಖತ್ ಆಗೈತೆ.

ಇನ್ಸ್‌ಪೆಕ್ಟರ್: ಇಲ್ಲ. ನಿಯಮ 121, ಆಲಿವ್ ಹಸಿರು ರಕ್ಷಣಾ ಇಲಾಖೆಗೆ ಮಾತ್ರ. ತಪಾಸಣೆಗೆ ಮುಂಚೆ ಬಣ್ಣ ಬದಲಿಸಿ, ಪ್ಲೇಟು ತೆಗೆಯಿರಿ.

ಮಾಜಿ ಸೈನಿಕ, ಚಿತ್ರದುರ್ಗ: ಆ ಬಾಣ ಸಖತ್ ಆಗಿರೋದಕ್ಕಲ್ಲ ತಮ್ಮಾ ಇರೋದು. ನಾನು ಹದಿನೇಳು ವರ್ಷ ಆ ನಂಬರಿನ ಗಾಡಿ ಓಡಿಸಿದೀನಿ. ಗೇಟಿನಲ್ಲಿ ಸಂತ್ರಿ ಬಾಣ ನೋಡಿ ದಾರಿ ಬಿಡ್ತಾನೆ. ಅದನ್ನ ಯಾರ್ಯಾರೋ ಹಾಕ್ಕೊಂಡು ತಿರುಗಿದ್ರೆ ಏನಾಗುತ್ತೆ ಯೋಚನೆ ಮಾಡು.

ದುರ್ಗದ ಹುಡುಗ: ದೇಶಾಭಿಮಾನಕ್ಕೆ ಹಾಕ್ತೀವಿ ಅಂಕಲ್. ನಿಮ್ಮೊಬ್ಬರ ಆಸ್ತಿನಾ?

ಮಾಜಿ ಸೈನಿಕ, ಚಿತ್ರದುರ್ಗ: ಅಭಿಮಾನ ಇದ್ರೆ ಭರ್ತಿಗೆ ಹೋಗು.

ಚನ್ನಗಿರಿ ರೈತ: ಇಬ್ಬರೂ ಬಿಡ್ರಪ್ಪ. ನಂದು ಥಾರ್ ಕಾಡು ಹಸಿರು ಐತಿ, ಅದಕ್ಕೂ ದಂಡ ಹಾಕ್ತಾರೇನು?

ದುರ್ಗದ ಹುಡುಗ: ಹಿರಿಯರು ಅಂತ ಸುಮ್ನಿದೀನಿ.

ಗುಂಪಿನ ನಿರ್ವಾಹಕ: ಬಣ್ಣದ ಜಗಳ ಇಲ್ಲಿಗೆ ಸಾಕು. ಮುಂದುವರಿಸಿದ್ರೆ ತೆಗೀತೀನಿ.

ಹರಿಹರ ಗ್ಯಾರೇಜ್: ಫಾರಂ 32 ಅಂತ ಒಂದೈತಲ್ರಿ, ಹರಾಜಿನ ಗಾಡಿಗೆ. ನೀವು ಅದನ್ನ ಹೇಳ್ಲೇ ಇಲ್ಲ. ಏಜೆಂಟ್ರು ಅದರಾಗೇ ಮಾಡಿಸ್ತಾರ.

ಇನ್ಸ್‌ಪೆಕ್ಟರ್: ಹೇಳದಿರಲು ಕಾರಣವಿದೆ. ಪೊಲೀಸರೋ ಬೇರೆ ಇಲಾಖೆಯವರೋ ಹರಾಜು ಹಾಕಿದ ಗಾಡಿಯ ಹಕ್ಕು ವರ್ಗಾವಣೆಗೆ 32. ಸೈನ್ಯದ್ದಕ್ಕೆ 20 ಮತ್ತು 21. ಏಜೆಂಟರು ಏನು ಮಾಡಿಸುತ್ತಾರೆಂದು ನನಗೆ ನೀವು ಕಲಿಸಬೇಕಿಲ್ಲ. ತಪಾಸಣೆ ಅಂಗಳದಲ್ಲಿ ನಿಂತೇ ನನ್ನ ಕೂದಲು ಹಣ್ಣಾಗಿದೆ.

ಚನ್ನಗಿರಿ ರೈತ: ಸರ್, ಒಟ್ಟು ಖರ್ಚು ಎಷ್ಟಾಗ್ತದ?

ಹೊಸ ಸದಸ್ಯ, ಹಿರಿಯೂರು: ನಮಸ್ತೆ ಸರ್, ಮಿಲಿಟರಿ ಜಿಪ್ಸಿಗೆ 29, 30 ಸಾಕಾ?

ಇನ್ಸ್‌ಪೆಕ್ಟರ್: ಇಲ್ಲ.

ಹೊಳಲ್ಕೆರೆ ಅಡಿಕೆ ತೋಟ: ಸಾರ್, ಫೋಟೊ ಕಳ್ಸಿದೀನಿ. ಮಾರಿದವರಿಗೆ ಆಗಿಂದ ಫೋನ್ ಹಚ್ತಾ ಇದೀನಿ, ಸ್ವಿಚ್ ಆಫ್.

ಇನ್ಸ್‌ಪೆಕ್ಟರ್: ನೋಡಿದೆ. ತಗಡಿನ ಪಟ್ಟಿಯ ಮೇಲಿನ ಎರಡು ರಿವೆಟ್ ಹಳೆಯವು, ಬಣ್ಣ ಕುಡಿದಿವೆ. ಕೆಳಗಿನ ಎರಡು ಹೊಳೆಯುತ್ತಿವೆ. ಚಾಸಿ ಮೇಲೆ ಮೊದಲ ಅಂಕಿಗಳು ತುಕ್ಕು ತಿಂದು ಅಂಚು ಸವೆದಿವೆ. ಕೊನೆಯ ನಾಲ್ಕರ ಅಂಚು ಚೂಪಾಗಿದೆ, ಸಾಲೂ ಒಂದು ಕೂದಲೆಳೆ ಕೆಳಗೆ ಬಿದ್ದಿದೆ. ಅವುಗಳ ಸುತ್ತ ಕಬ್ಬಿಣ ತಗ್ಗಾಗಿದೆ. ಉಜ್ಜಿ ಮತ್ತೆ ಹೊಡೆದಿದ್ದಾರೆ.

ಇವತ್ತಿನವರೆಗೆ ನೀವು ಮೋಸ ಹೋದವರು. ಇದನ್ನು ತಿಳಿದ ಮೇಲೂ ಓಡಿಸಿದರೆ, ಇಲ್ಲವೇ ಇನ್ನೊಬ್ಬರಿಗೆ ದಾಟಿಸಿದರೆ ಹಾಗೆ ಹೇಳಿಕೊಳ್ಳಲು ಆಗುವುದಿಲ್ಲ. ಗಾಡಿ ನಿಂತಲ್ಲೇ ಇರಲಿ. ನಂಬರಿನ ಮೇಲೆ ತಂತಿ ಬ್ರಷ್ಷು, ಸೀಮೆಎಣ್ಣೆ ಏನೂ ಹಾಕಬೇಡಿ. ಕರಾರು ಪತ್ರ, ಹಣ ಹಾಕಿದ ಬ್ಯಾಂಕಿನ ದಾಖಲೆ, ಫೋನಿನಲ್ಲಿರುವ ಮಾತುಕತೆ ಎಲ್ಲ ಎತ್ತಿಟ್ಟುಕೊಂಡು ನಾಳೆ ಒಬ್ಬ ವಕೀಲರ ಜೊತೆ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ಒಬ್ಬರೇ ಹೋಗಬೇಡಿ. ರಿಲೀಸ್ ಆರ್ಡರ್‌ನ ಮೇಲ್ಭಾಗದಲ್ಲಿ ಡಿಪೋ ಹೆಸರಿದೆ. ಅಲ್ಲಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದು, ಈ ಬಾಣದ ನಂಬರಿನ ಗಾಡಿಯ ಚಾಸಿ ನಂಬರು ಏನೆಂದು ಕೇಳಿ. ಪತ್ರ ಬರೆಯಲು ನಾನು ಸಹಾಯ ಮಾಡುತ್ತೇನೆ, ರಾತ್ರಿ ಊಟ ಆದ ಮೇಲೆ ಫೋನ್ ಮಾಡಿ.

ಹರಿಹರ ಗ್ಯಾರೇಜ್: ಆ ಡಿಪೋದವ್ರು ಉತ್ರ ಕೊಟ್ಟಂಗೇ.

ಇನ್ಸ್‌ಪೆಕ್ಟರ್: ನಿಮ್ಮನ್ನು ಕೇಳಲಿಲ್ಲ.

ಹೊಳಲ್ಕೆರೆ ಅಡಿಕೆ ತೋಟ: ಆಯ್ತು ಸಾರ್. ಬ್ಯಾಟರಿ ಬಿಚ್ಚಿ, ಟಾರ್ಪಾಲ್ ಹೊದಿಸಿದೀನಿ. ಒಂಬತ್ತಕ್ಕೆ ಮಾಡ್ತೀನಿ.