ಬಾದಾಮಿ, ಪಟ್ಟದಕಲ್ಲು, ಐಹೊಳೆ: ಎರಡು ದಿನದಲ್ಲಿ ಯಾವುದು ಮೊದಲು, ಯಾವುದು ಬಿಡಬಹುದು?

ಜಯನಗರದ ಪಯಣಿಗ:

ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ರೈಲಿನಲ್ಲಿ ಬಾದಾಮಿಗೆ ಹೋಗುವ ಯೋಚನೆ. ಬೆಳಿಗ್ಗೆ ಇಳಿದು, ಮರುದಿನ ರಾತ್ರಿ ವಾಪಸ್. ಅಪ್ಪನಿಗೆ 70 ದಾಟಿದೆ. ಸಮತಟ್ಟಾದ ಜಾಗದಲ್ಲಿ ಆರಾಮಾಗಿ ನಡೆಯುತ್ತಾರೆ, ಮೆಟ್ಟಿಲೆಂದರೆ ಮಂಡಿ ಹಿಡಿದುಕೊಳ್ಳುತ್ತದೆ. ಟ್ರಾವೆಲ್ಸ್‌ನವರು ಮೂರೂ ಊರನ್ನು ಒಂದೇ ದಿನದಲ್ಲಿ ಮುಗಿಸಿ ಎರಡನೇ ದಿನ ವಿಜಯಪುರಕ್ಕೆ ಹೋಗಿ ಅನ್ನುತ್ತಿದ್ದಾರೆ. ಅದು ಆಗುವ ಮಾತಾ? ಕ್ರಮ ಹೇಗಿಟ್ಟುಕೊಳ್ಳಬೇಕು, ಅಪ್ಪನಿಗೆ ಎಲ್ಲಿ ಕಷ್ಟ, ಊಟಕ್ಕೇನು? ಗೊತ್ತಿರುವವರು ದಯವಿಟ್ಟು ತಿಳಿಸಿ.

ಮರಳುಗಲ್ಲು:

ಮೂರನ್ನೂ ಒಂದೇ ದಿನ ಮಾಡುವವರು ತುಂಬಾ ಜನ ಇದ್ದಾರೆ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ 13 ಕಿ.ಮೀ. ಅಷ್ಟೆ, ಹಾಗಾಗಿ ಕಾಗದದ ಮೇಲೆ ಸಲೀಸಾಗಿ ಕಾಣುತ್ತದೆ. ಆದರೆ ಹಾಗೆ ಹೊರಟವರು ಬಾದಾಮಿಯ ಗುಹೆಗಳಿಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ಗೇಟು ಹಾಕುವ ಹೊತ್ತೂ ಆಗಿರುತ್ತದೆ. ವಿಜಯಪುರವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಮೊದಲ ದಿನ ಪೂರ್ತಿ ಬಾದಾಮಿಗೇ ಕೊಡಿ. ತಿಂಡಿ ಮುಗಿಸಿ ಬಿಸಿಲೇರುವ ಮೊದಲೇ ಗುಹೆ ಹತ್ತಿ. ಒಂದನೇ ಗುಹೆಗೆ ಮೆಟ್ಟಿಲು ಕಡಿಮೆ. 18 ಕೈಗಳ ನಟರಾಜ ಅದರ ಬಲಮಗ್ಗುಲಿನ ಬಂಡೆಯ ಮೇಲೆ, ಹೊರಗೇ ಇದ್ದಾನೆ, ಅಪ್ಪ ಅಲ್ಲಿಯವರೆಗೆ ಬಂದರೂ ದೊಡ್ಡ ಭಾಗ ನೋಡಿದಂತೆಯೇ. ಮಂಡಿ ಒಪ್ಪಿದರೆ ಮೂರನೇ ಗುಹೆಯವರೆಗೆ ಕರೆದೊಯ್ಯಿ. ನಾಲ್ಕರಲ್ಲಿ ಅತಿ ದೊಡ್ಡದು ಅದೇ, ಇಸವಿ ಖಚಿತವಾಗಿ ಗೊತ್ತಿರುವುದೂ ಅದೇ: ಚಾಲುಕ್ಯ ದೊರೆ ಮಂಗಳೇಶನ ಶಾಸನದಲ್ಲಿ ಶಕ ವರ್ಷ 500 ಎಂದಿದೆ, ಅಂದರೆ ಕ್ರಿ.ಶ. 578. ಒಳಗೆ ಹೋಗುವ ಮುಂಚೆ ಜಗಲಿಯಲ್ಲಿ ನಿಂತು ಕತ್ತೆತ್ತಿ ನೋಡಿ, ಹಳೆಯ ಬಣ್ಣದ ಚಿತ್ರಗಳ ಚೂರುಪಾರು ಮಾಸಿದ ಹಾಗೆ ಇನ್ನೂ ಉಳಿದಿವೆ. ಎಷ್ಟೋ ಜನ ಎಡಗಡೆ ಶೇಷನ ಮೇಲೆ ಕೂತ ವಿಷ್ಣುವಿನ ಫೋಟೊ ತೆಗೆದು ಹೊರಟುಬಿಡುತ್ತಾರೆ. ಕಂಬಗಳ ತಲೆಯ ಹತ್ತಿರ ತೊಲೆಗೆ ಆನಿಸಿದಂತೆ ಕೆತ್ತಿರುವ ಜೋಡಿಗಳ ಕಡೆಗೂ ಕಣ್ಣು ಹಾಯಿಸಿ.

ಮೆಟ್ಟಿಲುಗಳು ಬಂಡೆಯಲ್ಲೇ ಕಡಿದವು, ಎತ್ತರ ಒಂದೇ ಸಮ ಇಲ್ಲ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಪೆಟ್ಟು, ಊರುಗೋಲು ಇರಲಿ. ತಿಂಡಿ, ಬಾಳೆಹಣ್ಣು, ಪ್ಲಾಸ್ಟಿಕ್ ಕವರ್ ಕೈಯಲ್ಲಿ ಬೇಡವೇ ಬೇಡ. ಅಲ್ಲಿನ ಕೋತಿಗಳಿಗೆ ಕವರ್ ಸರಬರ ಅಂದರೆ ಸಾಕು. ನೀರಿನ ಬಾಟಲಿಯೂ ಜಿಪ್ ಇರುವ ಚೀಲದೊಳಗೇ ಇರಲಿ.

ಮಧ್ಯಾಹ್ನ ರೂಮಿನಲ್ಲಿ ಮಲಗಿ ಎದ್ದು, ಮೂರೂವರೆ ಹೊತ್ತಿಗೆ ಅಗಸ್ತ್ಯತೀರ್ಥ ಕೆರೆಯ ಉತ್ತರ ದಂಡೆಗೆ ಹೋಗಿ. ಮ್ಯೂಸಿಯಂ ನೋಡಿ ಹಾಗೇ ಮುಂದೆ ನಡೆದರೆ ಭೂತನಾಥ ಗುಡಿ. ದಾರಿ ಸಮತಟ್ಟು, ಅಪ್ಪನಿಗೆ ತೊಂದರೆಯಿಲ್ಲ. ಸಂಜೆ ಬಿಸಿಲು ಕೆರೆಯ ಕಡೆಯಿಂದ ಗುಡಿಯ ಮೇಲೆ ನೇರ ಬೀಳುತ್ತದೆ, ಹಾಗಾಗಿ ಅಲ್ಲಿಗೆ ಬೆಳಿಗ್ಗೆ ಹೋಗಬೇಡಿ. ಮೇಲಿನ ಶಿವಾಲಯದ ದಾರಿ ಮಾತ್ರ ಬಂಡೆಗಳ ಇಕ್ಕಟ್ಟಿನ ಸೀಳಿನಲ್ಲಿ ಕಡಿದಾಗಿ ಏರುತ್ತದೆ. ಅದನ್ನು ನೀವೊಬ್ಬರೇ ನೋಡಿ ಬನ್ನಿ. ಶುಕ್ರವಾರ ಬಾದಾಮಿಯ ಮತ್ತು ಐಹೊಳೆಯ ಮ್ಯೂಸಿಯಂ ಎರಡಕ್ಕೂ ರಜೆ, ತಾರೀಖು ಗೊತ್ತುಮಾಡುವಾಗ ನೆನಪಿರಲಿ.

ಎರಡನೇ ದಿನ ಕಾರು ಮಾಡಿಕೊಂಡು ಐಹೊಳೆ ಮೊದಲು, ವಾಪಸ್ ಬರುತ್ತಾ ಪಟ್ಟದಕಲ್ಲು.

ಬಾಗಲಕೋಟಿ ಮಂದಿ:

ಮ್ಯಾಲಿನವ್ರು ಹೇಳಿದ್ದು ಖರೇ ಐತ್ರಿ. ಗಾಡಿ ಮತ್ತ ಊಟದ ವಿಷಯ ನಾ ಹೇಳತೀನಿ.

ಸ್ಟೇಷನ್ ಊರಿಂದ 5 ಕಿ.ಮೀ. ದೂರ ಐತಿ. ರೈಲು ಬಂದಾಗ ಟಂಟಂ, ಆಟೋ ನಿಂತಿರತಾವ, ಆದ್ರ ವಯಸ್ಸಾದವ್ರನ್ನ ಇಳಿಸಿ ಸಾಮಾನು ತಗೊಂಡು ಹೊರಗ ಬರೂದ್ರಾಗ ತುಂಬಿ ಹೊಂಟ ಬಿಡತಾವ. ಲಾಡ್ಜಿನವ್ರಿಗೆ ಹಿಂದಿನ ದಿನಾನ ಫೋನ್ ಹಚ್ಚಿ ಗಾಡಿ ಕಳಸಾಕ ಹೇಳ್ರಿ. ವಸ್ತಿಗೆ ಬಾದಾಮಿನ ಚಲೋ. ಪಟ್ಟದಕಲ್ಲಿಗೆ ಬಸ್ ಸಿಗತಾವ, ಆದ್ರ ಅಲ್ಲಿಂದ ಐಹೊಳಿಗೆ ಬಸ್ ನಂಬಿ ಕುಂತ್ರ ಅರ್ಧಾ ದಿನಾ ಹೋಗತೈತಿ. ದಿನದ ಲೆಕ್ಕದಾಗ ಕಾರ್ ಮಾಡ್ರಿ. ಎಲ್ಲೆಲ್ಲಿ ಹೋಗೂದು, ಎಷ್ಟೊತ್ತಿಗೆ ಸ್ಟೇಷನ್‌ಗೆ ಬಿಡೂದು, ಎಲ್ಲಾ ಮೊದಲ ಮಾತಾಡಿಕೊಳ್ರಿ. ಬನಶಂಕರಿ, ಮಹಾಕೂಟ ಆಮ್ಯಾಲೆ ಸೇರಸಿದ್ರ ಡ್ರೈವರ್ ಜತಿ ಜಗಳ ಶುರು ಆಗೂದು ಅಲ್ಲೇ.

ಊಟಾ ಅಂದ್ರ ಬನಶಂಕರಿ ಗುಡಿ ಮುಂದ, ಹೊಂಡದ ಹತ್ರ. ಬಾದಾಮಿಯಿಂದ 5 ಕಿ.ಮೀ. ಸುತ್ತಮುತ್ತಲ ಹಳ್ಳಿ ಹೆಣ್ಮಕ್ಕಳು ಬುಟ್ಟಿ ಹೊತ್ಕೊಂಡು ಬಂದು ಕುಂತಿರತಾರ. ಜ್ವಾಳದ ರೊಟ್ಟಿ, ಕಾಳಪಲ್ಯಾ, ಬದನಿಕಾಯಿ, ಶೇಂಗಾ ಹಿಂಡಿ, ಕೆಂಪ ಚಟ್ನಿ, ಗಟ್ಟಿ ಮಸರು, ಉಳ್ಳಾಗಡ್ಡಿ. ಕೈಯಾಗ ರೊಟ್ಟಿ ಇಟ್ಟು ಅದರ ಮ್ಯಾಲೆ ಪಲ್ಯಾ ಹಾಕಿ ಕೊಡತಾರ. ಅಪ್ಪಾರಿಗೆ ಕಟಕ ರೊಟ್ಟಿ ಬ್ಯಾಡ, "ಮೆತ್ತಂದು ಕೊಡವ್ವಾ" ಅಂತ ಕೇಳ್ರಿ. ಕೆಂಪ ಚಟ್ನಿ ಭಾಳ ಖಾರ ಇರತೈತಿ, ಬೆಂಗಳೂರು ಬಾಯಿಗೆ ಮಸರು ಜಾಸ್ತಿ ಹಾಕ್ಸಿಕೊಳ್ರಿ. ತಡಾ ಮಾಡಿ ಹೋದ್ರ ಬುಟ್ಟಿ ಖಾಲಿ ಆಗಿರತಾವ, ಮಧ್ಯಾಹ್ನ ಒಂದರ ಒಳಗ ಹೋಗ್ರಿ. ಅಂದ್ರ ಇದನ್ನ ಮೊದಲ ದಿನಾನ ಇಟ್ಕೊಳ್ರಿ, ಗುಹೆ ನೋಡಿ ಇಳದ ಮ್ಯಾಲೆ.

ಇನ್ನೊಂದು, ಬನದ ಹುಣ್ಣಿವಿಗೆ ಬನಶಂಕರಿ ತೇರು, ಜನವರಿ ಸುಮಾರಿಗೆ ಬರತೈತಿ. ಜಾತ್ರಿ, ನಾಟಕ ಕಂಪನಿ ನೋಡಾಕ ಬರೂದಾದ್ರ ಅದಕ್ಕಿಂತ ಚಲೋ ಟೈಮ್ ಇಲ್ಲ. ಗುಡಿ ನೋಡಾಕ ಬರವ್ರು ಆ ದಿನಾ ಬಿಟ್ಟು ಬರ್ರಿ, ರೂಮ್ ಸಿಗೂದಿಲ್ಲ.

ನಾಗರ ದ್ರಾವಿಡ:

@ಮರಳುಗಲ್ಲು, ಎರಡನೇ ದಿನದ ಕ್ರಮಕ್ಕೆ ನನ್ನ ಒಪ್ಪಿಗೆ ಇಲ್ಲ. ಪಟ್ಟದಕಲ್ಲು ಮೊದಲು ಆಗಬೇಕು. ಕಾರಣ ಎರಡು. ವಿರೂಪಾಕ್ಷ ಗುಡಿ ಪೂರ್ವಕ್ಕೆ, ಮಲಪ್ರಭೆಯ ಕಡೆ ಮುಖ ಮಾಡಿದೆ. ಬೆಳಗಿನ ಬಿಸಿಲು ಮುಖಮಂಟಪದ ಕಂಬಗಳ ಮೇಲೆ ಓರೆಯಾಗಿ ಬಿದ್ದಾಗ ಕೆತ್ತನೆ ಎದ್ದು ಕಾಣುತ್ತದೆ, ಮಧ್ಯಾಹ್ನ ಅದೇ ಕಂಬ ಮಂಕು. ಎರಡನೆಯದು, ಅಲ್ಲಿ ಈಗಲೂ ಪೂಜೆ ನಡೆಯುವುದರಿಂದ ಚಪ್ಪಲಿ ಬಿಡಬೇಕು. ಹನ್ನೆರಡರ ಮೇಲೆ ಆ ಕಲ್ಲುಹಾಸಿನ ಮೇಲೆ ವಯಸ್ಸಾದವರನ್ನು ಬರಿಗಾಲಲ್ಲಿ ನಡೆಸುವುದು ಶಿಕ್ಷೆ. ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಮೂರು ಊರುಗಳಲ್ಲಿ ಅಪ್ಪನಿಗೆ ಅತ್ಯಂತ ಸುಲಭವಾದದ್ದು ಇದೇ, ಗುಡಿಗಳೆಲ್ಲ ಒಂದೇ ಹುಲ್ಲುಹಾಸಿನ ಅಂಗಳದಲ್ಲಿವೆ.

ನೋಡುವ ಬಗೆಗೆ ಒಂದು ಸಲಹೆ. ಎಲ್ಲ ಗುಡಿಯನ್ನೂ ಸುತ್ತುವ ಬದಲು ಮಲ್ಲಿಕಾರ್ಜುನ ಮತ್ತು ಅದರ ಪಕ್ಕದ ಕಾಶಿ ವಿಶ್ವನಾಥ ಎರಡೂ ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತುಕೊಳ್ಳಿ. ಮಲ್ಲಿಕಾರ್ಜುನದ ಶಿಖರ ಮಹಡಿ ಮಹಡಿಯಾಗಿ ಏರಿ ಗುಮ್ಮಟದಂಥ ತಲೆಯಲ್ಲಿ ಮುಗಿಯುತ್ತದೆ, ಕಾಶಿ ವಿಶ್ವನಾಥದ್ದು ಬುಡದಿಂದಲೇ ಒಳಕ್ಕೆ ಬಾಗುತ್ತಾ ಮೇಲೇರುತ್ತದೆ. ದಕ್ಷಿಣದ ಮತ್ತು ಉತ್ತರದ ಎರಡು ಪದ್ಧತಿ ಇಷ್ಟು ಹತ್ತಿರ ಹತ್ತಿರ ನಿಂತಿರುವುದಕ್ಕೇ ಈ ಜಾಗಕ್ಕೆ ಇಷ್ಟು ಹೆಸರು, 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದೂ ಬಹುಮಟ್ಟಿಗೆ ಅದಕ್ಕೇ. ವಿರೂಪಾಕ್ಷವನ್ನು ಕಟ್ಟಿಸಿದ್ದು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದ ನೆನಪಿಗೆ. ಒಳಗಿನ ಕಂಬಗಳಲ್ಲಿ ರಾಮಾಯಣ, ಮಹಾಭಾರತದ ಕಥೆ ಪಟ್ಟಿ ಪಟ್ಟಿಯಾಗಿ ಸಣ್ಣದಾಗಿ ಕೆತ್ತಿದೆ. ಒಳಗೆ ಕತ್ತಲು, ಮೊಬೈಲ್ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಹಿಡಿಯಿರಿ, ಆಗ ಆಕೃತಿ ಬಿಡಿಬಿಡಿಯಾಗಿ ಕಾಣುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಪಾಪನಾಥ ಗುಡಿ. ಗೈಡುಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ, ಬಿಡಬೇಡಿ. ಹೊರಗೋಡೆಯ ರಾಮಾಯಣದ ಪಾತ್ರಗಳಿಗೆ ಹೆಸರು ಕೂಡ ಕೆತ್ತಿದ್ದಾರೆ.

ಐಹೊಳೆಯ ದುರ್ಗ ಗುಡಿಗೆ ಬಿಸಿಲಿನ ಹಂಗಿಲ್ಲ. ಶಿಲ್ಪಗಳಿರುವುದು ಕಂಬಸಾಲಿನ ಓಣಿಯೊಳಗೆ, ಯಾವಾಗಲೂ ನೆರಳು. ಪ್ರದಕ್ಷಿಣೆಯಾಗಿಯೇ ಸುತ್ತಿ: ನಂದಿಯೊಡನೆ ಶಿವ, ನರಸಿಂಹ, ಗರುಡನ ಮೇಲೆ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ, ಇದೇ ಸಾಲಿನಲ್ಲಿ ಸಿಗುತ್ತಾರೆ. ಪಕ್ಕದ ಲಾಡ್‌ಖಾನ್ ಗುಡಿಯ ಚಾವಣಿಯನ್ನು ಹೊರಗಿನಿಂದ ಗಮನಿಸಿ. ಇಳಿಜಾರು ಚಪ್ಪಡಿಗಳ ಸಂದಿ ಮುಚ್ಚಲು ಉದ್ದನೆಯ ಕಲ್ಲಿನ ಪಟ್ಟಿ ಇಟ್ಟಿದ್ದಾರೆ, ಮರದ ಮನೆಯ ಕೆಲಸವನ್ನೇ ಕಲ್ಲಿಗೆ ತಂದ ಹಾಗೆ. ರಾವಣಫಡಿ ಗುಹೆ ಹತ್ತಿರದಲ್ಲೇ ಇದೆ. ಮೇಗುತಿ ಬಸದಿ ಮಾತ್ರ ಗುಡ್ಡದ ಮೇಲೆ. ಕವಿ ರವಿಕೀರ್ತಿಯ 634ರ ಶಾಸನ, ಇಮ್ಮಡಿ ಪುಲಿಕೇಶಿ ಹರ್ಷನನ್ನು ತಡೆದದ್ದನ್ನು ಹೇಳುವುದು, ಆ ಬಸದಿಯ ಹೊರಗೋಡೆಯಲ್ಲಿದೆ. ಲಿಪಿ ಹಳಗನ್ನಡದ್ದು, ಭಾಷೆ ಸಂಸ್ಕೃತ, ಕನ್ನಡ ಓದುತ್ತೇವೆಂದು ಹೋದರೆ ಪೆಚ್ಚಾಗುತ್ತೀರಿ. ಅಪ್ಪ ಕೆಳಗೆ ಮ್ಯೂಸಿಯಂ ನೋಡುತ್ತಿರಲಿ, ನೀವು ಹತ್ತಿ ಬನ್ನಿ.

ಮರಳುಗಲ್ಲು:

ಕಾಲುಚೀಲದ ಮಾತಿಗೆ ಎದುರಿಲ್ಲ, ಪಟ್ಟದಕಲ್ಲೇ ಮೊದಲಾಗಲಿ. ಬೆಳಿಗ್ಗೆ ಏಳೂವರೆಗೆ ಬಾದಾಮಿ ಬಿಟ್ಟರೆ ಐಹೊಳೆ ಮುಗಿಸಿ ಹೊರಡುವಾಗ ಎರಡು ಗಂಟೆ. ಆಮೇಲೆ ಮಹಾಕೂಟಕ್ಕೆ ಸಮಯ ಉಳಿಯುತ್ತದೆ, ಅಲ್ಲಿನ ಪುಷ್ಕರಿಣಿಯ ಪಕ್ಕ ಮರದ ನೆರಳಿನಲ್ಲಿ ಹಿರಿಯರು ಸುಧಾರಿಸಿಕೊಳ್ಳಬಹುದು.

ಜಯನಗರದ ಪಯಣಿಗ:

ತುಂಬಾ ಧನ್ಯವಾದ. ಅಮ್ಮನಿಗೆ ಇಳಕಲ್ ಸೀರೆ ಬೇಕಂತೆ. ಅದಕ್ಕೆ ಇಳಕಲ್ಲಿಗೇ ಹೋಗಬೇಕಾ? ಅಸಲಿ ಅಂತ ತಿಳಿಯುವುದು ಹೇಗೆ?

ಟೋಪತೆನಿ:

ಎರಡು ದಿನದಲ್ಲಿ ಇಳಕಲ್ ಹಿಡಿಸುವುದು ಕಷ್ಟ. ಬಾದಾಮಿ ಪೇಟೆಯಲ್ಲೇ ಕೇಳಿ. ಅಮ್ಮನವರಿಗೆ ಒಂದೇ ಗುರುತು ಹೇಳಿಕೊಡಿ: ಸೀರೆಯ ಮೈ ಮುಗಿದು ಸೆರಗು ಶುರುವಾಗುವ ಗೆರೆಯನ್ನು ತಿರುವಿಹಾಕಿ ನೋಡಬೇಕು. ಕೈಮಗ್ಗದ ಇಳಕಲ್ಲಿನಲ್ಲಿ ಮೈಯ ಹಾಸಿನ (ಉದ್ದಕ್ಕೆ ಓಡುವ) ಎಳೆ, ಸೆರಗಿನ ಹಾಸಿನ ಎಳೆ ಬೇರೆ ಬೇರೆ. ಒಂದೊಂದನ್ನೂ ಕೊಂಡಿ ಹಾಕಿ ಸೇರಿಸಿರುತ್ತಾರೆ, ಅಲ್ಲಿ ಬೆರಳಾಡಿಸಿದರೆ ಗಂಟುಗಂಟಾಗಿ ತಾಗುತ್ತದೆ. ಬರೀ ನುಣುಪಾಗಿದ್ದು ಬಣ್ಣ ಮಾತ್ರ ಬದಲಾಗಿದ್ದರೆ ಅದು ಕೊಂಡಿ ಹಾಕಿದ್ದಲ್ಲ. ಸೆರಗಿನ ಕೆಂಪು ರೇಷ್ಮೆಯಾ ಆರ್ಟ್ ಸಿಲ್ಕಾ ಅಂತ ನೇರವಾಗಿ ಕೇಳಿ, ಬೆಲೆಯ ಅಂತರ ದೊಡ್ಡದು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ತೆಗೆದುಕೊಳ್ಳಿ. ಮೊದಲ ಸಲ ಬೇರೆ ಬಟ್ಟೆಯ ಜೊತೆ ನೆನೆಹಾಕಬೇಡಿ, ಬಣ್ಣ ಬಿಡಬಹುದು.

ಐಹೊಳೆಗೆ ಹೋದಾಗ ಡ್ರೈವರ್ ಒಪ್ಪಿದರೆ ಹತ್ತಿರದ ಅಮೀನಗಡಕ್ಕೂ ಹೋಗಿ ಕರದಂಟು ಅನ್ನುವ ಸಿಹಿ ತನ್ನಿ. ಅಂಟು ಚೆನ್ನಾಗಿ ಹುರಿದು ಅರಳಿದ್ದರೆ ಬಾಯಲ್ಲಿ ಪುಡಿಯಾಗುತ್ತದೆ, ಹಲ್ಲಿಗೆ ಮೆತ್ತಿಕೊಂಡರೆ ಹುರಿದದ್ದು ಸಾಲದು. ಒಂದು ತುಂಡು ರುಚಿ ನೋಡಿಯೇ ಕಟ್ಟಿಸಿ.