ಆಪರೇಶನ್‌ನಲ್ಲಿ ನಮ್ಮ ರಕ್ತ ನಮಗೇ ವಾಪಸ್: ಯಾವಾಗ ಕೊಡ್ತಾರೆ?

ಪ್ರಶ್ನೆ (ಶಿರಸಿ): ಅಪ್ಪಯ್ಯನಿಗೆ 61 ವರ್ಷ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಸೊಂಟದ ಕೀಲು ಬದಲಿಸುವ ಆಪರೇಶನ್. ಶುರುವಿಗೇ ಎರಡು ಚೀಲ ರಕ್ತ ತೆಗೆದಿಟ್ಟು ಆಮೇಲೆ ಅವರಿಗೇ ಏರಿಸ್ತೇವೆ ಅಂದಿದ್ದಾರೆ. ವಾಪಸ್ ಕೊಡೋದಾದ್ರೆ ತೆಗೆಯೋದು ಯಾಕೆ? ಕೊಡೋದು ಯಾವಾಗ?

ಉತ್ತರ (ಅರಿವಳಿಕೆ ಡಾಕ್ಟರ್, ಕಾರವಾರ): ಶಿರಸಿಯವರಿಗೆ ತಂಬುಳಿ ಲೆಕ್ಕದಲ್ಲೇ ಹೇಳ್ತೇನೆ. ನೀರು ಬೆರೆಸಿದ ತಂಬುಳಿ ಒಂದು ಲೋಟ ಚೆಲ್ಲಿದರೆ ಹೋಗುವ ಮೊಸರು ಕಡಿಮೆ, ಅಲ್ವಾ? ಇದೂ ಹಾಗೇ. ರಕ್ತ ತೆಗೆದು, ಆ ಜಾಗಕ್ಕೆ ಸಲೈನ್ ಕೊಟ್ಟು ಮೈಯಲ್ಲಿರುವ ರಕ್ತವನ್ನು ತೆಳು ಮಾಡುತ್ತೇವೆ. ಹಿಮೋಗ್ಲೋಬಿನ್ (ಕೆಂಪು ಕಣದಲ್ಲಿ ಆಮ್ಲಜನಕ ಹೊರುವ ಅಂಶ) 14, ಅಂದ್ರೆ 100 ಮಿಲಿ ರಕ್ತದಲ್ಲಿ 14 ಗ್ರಾಂ ಇದ್ದಾಗ ಒಂದು ಲೀಟರ್ ರಕ್ತ ಹೋದರೆ 140 ಗ್ರಾಂ ನಷ್ಟ. 11ಕ್ಕೆ ಇಳಿಸಿಕೊಂಡಿದ್ದರೆ 110 ಗ್ರಾಂ.

ಚೀಲಗಳು ಆಪರೇಶನ್ ಕೋಣೆ ಬಿಟ್ಟು ಹೋಗುವುದಿಲ್ಲ. ಹೆಸರು, ತೆಗೆದ ಗಂಟೆ ಬರೆದ ಚೀಟಿ ಅಂಟಿಸಿ ರೋಗಿಯ ಹತ್ತಿರವೇ ಇಡುತ್ತೇವೆ. ಫ್ರಿಜ್ ಬೇಡ, ತಣ್ಣಗಾದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಕೆಡುತ್ತವೆ. ಹೊರಗಿಟ್ಟದ್ದನ್ನು 8 ಗಂಟೆಯೊಳಗೆ ಕೊಡಬೇಕು.

ಸಾಮಾನ್ಯವಾಗಿ ಕೊಡುವುದು ಜೋರು ರಕ್ತಸ್ರಾವ ನಿಂತ ಮೇಲೆ, ಹೊಲಿಗೆ ಹಾಕುವ ಹೊತ್ತಿಗೆ. ಬೇಗ ಕೊಟ್ಟರೆ ಆ ಒಳ್ಳೆಯ ರಕ್ತವೇ ಸೋರಿ ಹೋಗುತ್ತದೆ. ಹಾಗಂತ ಸುಮ್ನೆ ಕಾಯುತ್ತಾ ಕೂರುವುದೂ ಇಲ್ಲ. ಹಿಮೋಗ್ಲೋಬಿನ್ 7-8ಕ್ಕೆ ಇಳಿಯಿತು, ಇಸಿಜಿ ಬದಲಾಯಿತು ಅಂದ್ರೆ ತಕ್ಷಣ ಶುರು. ಕೊನೆಗೆ ತೆಗೆದ ಚೀಲ ಮೊದಲು ಹೋಗುತ್ತದೆ. ಮೊದಲು ತೆಗೆದದ್ದರಲ್ಲಿ ಕೆಂಪು ಕಣ, ಪ್ಲೇಟ್‌ಲೆಟ್ ಎರಡೂ ಜಾಸ್ತಿ, ಅದು ಕಡೆಗೆ. ಆ ಚೀಲವನ್ನು ಅವಸರದಲ್ಲಿ ಏರಿಸಿದರೆ ನನಗಂತೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ (ಅಂಕೋಲಾ): ನನ್ನ ಅಕ್ಕನಿಗೆ ಗರ್ಭನಾಳ ಒಡೆದಾಗ ಹೊಟ್ಟೆಯಲ್ಲಿ ತುಂಬಿದ್ದ ರಕ್ತವನ್ನು ಮಷಿನ್‌ನಲ್ಲಿ ತೊಳೆದು ಕೊಟ್ಟಿದ್ದರು. ಅದೂ ಇದೇನಾ?

ಉತ್ತರ: ಅಲ್ಲ. ಅದು ಚೆಲ್ಲಿದ ರಕ್ತವನ್ನು ಹೀರಿ, ಗಿರ್ರನೆ ತಿರುಗಿಸಿ, ಸಲೈನ್‌ನಲ್ಲಿ ತೊಳೆದದ್ದು. ಉಳಿಯುವುದು ಕೆಂಪು ಕಣ ಮಾತ್ರ, ಕಾಪಾಡಿಡಲು ಪ್ಲೇಟ್‌ಲೆಟ್ ಇರುವುದಿಲ್ಲ. ಹಾಗಾಗಿ ಕಡೆಯವರೆಗೆ ಕೂಡಿಡುವುದಿಲ್ಲ, ಬೇಕಾದ ಹಾಗೆ ಕೊಡುತ್ತಾ ಹೋಗುತ್ತೇವೆ. ತೊಳೆದ 4 ಗಂಟೆಯೊಳಗೆ ಮುಗಿಯಬೇಕು. ಕರುಳು ತೂತಾಗಿ ಹೊಲಸು ಸೇರಿದ್ದರೆ ಸಾಮಾನ್ಯವಾಗಿ ಆ ರಕ್ತ ಮುಟ್ಟುವುದಿಲ್ಲ. ಮಷಿನ್ ಇಲ್ಲದ ಕಾಲದಲ್ಲಿ, 1914ರಲ್ಲೇ, ಜರ್ಮನಿಯ ಥೀಸ್ ಎಂಬ ಡಾಕ್ಟರ್ ನಿಮ್ಮ ಅಕ್ಕನಂಥದೇ ಕೇಸುಗಳಲ್ಲಿ ರಕ್ತವನ್ನು ಗಾಜ್ ಬಟ್ಟೆಯಲ್ಲಿ ಸೋಸಿ ವಾಪಸ್ ಕೊಟ್ಟಿದ್ದರು.

ಶಿರಸಿ: ಥ್ಯಾಂಕ್ಸ್ ಡಾಕ್ಟ್ರೇ. ಅಪ್ಪಯ್ಯನ ಹಿಮೋಗ್ಲೋಬಿನ್ 10.2. ತೊಂದ್ರೆ ಇಲ್ವಲ್ಲ?

ಡಾಕ್ಟರ್: ಅಯ್ಯೋ, ಇದನ್ನು ಮೊದಲು ಹೇಳಬೇಕಿತ್ತು! ತೆಳ್ಳಗಿರುವ ತಂಬುಳಿಗೆ ಇನ್ನೆಷ್ಟು ನೀರು ಹಾಕೋದು? ರಿಪೋರ್ಟ್ ಕೈಯಲ್ಲಿ ಹಿಡಿದು ನಾಳೆಯೇ ಹುಬ್ಬಳ್ಳಿಗೆ ಫೋನ್ ಮಾಡಿ. ಕಡಿಮೆ ಯಾಕಾಗಿದೆ, ಆಪರೇಶನ್ ಸ್ವಲ್ಪ ಮುಂದೂಡಿ ಮೊದಲು ಅದನ್ನು ಸರಿಮಾಡಬಹುದಾ ಅಂತ ಕೇಳಿ.