ಹಡಗಿನ ಬಿಲ್ಲೆ, ಕೈಪಟ್ಟಿ ಮತ್ತು ನಿಮ್ಮ ಗುರುತು: ಸದಸ್ಯರ ಪ್ರಶ್ನೆಗಳಿಗೆ ಉತ್ತರ

ಪ್ರವಾಸಿ ಹಡಗುಗಳಲ್ಲಿ ಅತಿಥಿಗಳಿಗೆ ಕೊಡುವ ಕೈಪಟ್ಟಿ, ಬಿಲ್ಲೆ ಮುಂತಾದ ಸಾಧನಗಳ ಬಗ್ಗೆ ಪ್ರಶ್ನೆ ಕೇಳಬಹುದೆಂದು ನಿರ್ವಾಹಕರು ತಿಳಿಸಿದ್ದರು. ನಾನು ಹಡಗುಗಳಲ್ಲಿ ಅತಿಥಿ ಸೇವೆಯ ತಂತ್ರಜ್ಞಾನ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವನು. ಬಾಗಿಲ ಬೀಗ, ಮೊಗಸಾಲೆಯ ಸೆನ್ಸರ್, ಹಡಗು ಹತ್ತಿಳಿಯುವ ಜಾಗದ ತಪಾಸಣಾ ಯಂತ್ರ ಇವುಗಳ ನಿರ್ವಹಣೆ ನನ್ನ ಪಾಲಿನದಾಗಿತ್ತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೊದಲ ಬಾರಿಗೆ ಹಡಗು ಪ್ರವಾಸಕ್ಕೆ ಹೊರಟಿದ್ದೇವೆ. ಒಂದು ಕಂಪನಿ ಕಾರ್ಡ್ ಎನ್ನುತ್ತದೆ, ಇನ್ನೊಂದು ಬ್ಯಾಂಡ್ ಎನ್ನುತ್ತದೆ, ಮತ್ತೊಂದು ಮೆಡಾಲಿಯನ್ ಎನ್ನುತ್ತದೆ. ಇವೆಲ್ಲ ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳೇ?

ಉತ್ತರ: ಮಾಡುವ ಕೆಲಸ ಬಹುಮಟ್ಟಿಗೆ ಒಂದೇ. ಕ್ಯಾಬಿನ್ನಿನ ಬಾಗಿಲು ತೆರೆಯುವುದು, ಹಡಗಿನಲ್ಲಿ ಕೊಂಡದ್ದನ್ನು ನಿಮ್ಮ ಲೆಕ್ಕಕ್ಕೆ ಬರೆಯುವುದು, ಬಂದರಿನಲ್ಲಿ ಇಳಿದು ಹತ್ತುವಾಗ ನೀವು ಯಾರೆಂದು ತಿಳಿಸುವುದು. ಆದರೆ ಒಳಗಿನ ತಂತ್ರಜ್ಞಾನ ಎರಡು ಬಗೆಯದು, ಮತ್ತು ಈ ವ್ಯತ್ಯಾಸ ಗೊತ್ತಿದ್ದರೆ ಮುಂದಿನ ಎಷ್ಟೋ ಸಂದೇಹಗಳು ತಾವಾಗಿಯೇ ಬಗೆಹರಿಯುತ್ತವೆ.

ಮೊದಲನೆಯ ಬಗೆಯದಕ್ಕೆ ಸ್ವಂತ ಬ್ಯಾಟರಿ ಇರುವುದಿಲ್ಲ. ಅದನ್ನು ಬೀಗದ ಬಳಿ ಹಿಡಿದಾಗ ಬೀಗದಿಂದ ಹೊಮ್ಮುವ ರೇಡಿಯೋ ತರಂಗದ ಶಕ್ತಿಯಿಂದಲೇ ಒಳಗಿನ ಚಿಪ್ ಅರೆಕ್ಷಣ ಎಚ್ಚೆತ್ತು, ತನ್ನ ಸಂಖ್ಯೆಯನ್ನು ತಿಳಿಸಿ ಮತ್ತೆ ಸುಮ್ಮನಾಗುತ್ತದೆ. ಇದು ಕೆಲಸ ಮಾಡುವ ದೂರ ಕೆಲವೇ ಸೆಂಟಿಮೀಟರ್. ರಾಯಲ್ ಕೆರಿಬಿಯನ್ ಸಂಸ್ಥೆಯು 2014ರಲ್ಲಿ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನೊಂದಿಗೆ ತಂದ ವಾವ್‌ಬ್ಯಾಂಡ್ ಈ ಜಾತಿಗೆ ಸೇರಿದ್ದು.

ಎರಡನೆಯ ಬಗೆಯದರಲ್ಲಿ ಪುಟ್ಟ ಬ್ಯಾಟರಿಯೂ ಬ್ಲೂಟೂತ್ ಪ್ರಸಾರಕವೂ ಇರುತ್ತವೆ. ಅದು ಬಿಟ್ಟು ಬಿಟ್ಟು ತನ್ನ ಸಂಖ್ಯೆಯನ್ನು ಸುತ್ತಲಿಗೆ ಸಾರುತ್ತಲೇ ಇರುತ್ತದೆ. ಹಡಗಿನ ಗೋಡೆ ಚಾವಣಿಗಳಲ್ಲಿರುವ ಸೆನ್ಸರ್‌ಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಕಾರ್ನಿವಲ್ ಕಾರ್ಪೊರೇಷನ್ 2017ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ತಂತ್ರಜ್ಞಾನ ಮೇಳದಲ್ಲಿ ಪ್ರಕಟಿಸಿ, ಅದೇ ನವೆಂಬರ್‌ನಲ್ಲಿ ರೀಗಲ್ ಪ್ರಿನ್ಸೆಸ್ ಹಡಗಿನಲ್ಲಿ ಬಳಕೆಗೆ ತಂದ ಓಷನ್ ಮೆಡಾಲಿಯನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ನಾಣ್ಯದಗಲದ ಬಿಲ್ಲೆ ಅದು. ಗುಂಡಿಯಿಲ್ಲ, ಪರದೆಯಿಲ್ಲ, ಚಾರ್ಜ್ ಮಾಡುವ ಗೊಡವೆಯಿಲ್ಲ. ಅದರ ಹಿಂದಿದ್ದ ಜಾನ್ ಪ್ಯಾಜೆಟ್ ಅವರು ಅದಕ್ಕೆ ಮೊದಲು ಡಿಸ್ನಿ ಉದ್ಯಾನಗಳ ಮ್ಯಾಜಿಕ್‌ಬ್ಯಾಂಡ್ ರೂಪಿಸಿದವರಲ್ಲಿ ಒಬ್ಬರು.

ಎರಡು ಕೈಯಲ್ಲೂ ಸಾಮಾನು ಹಿಡಿದು ಮೊಗಸಾಲೆಯಲ್ಲಿ ನಡೆದು ಬರುವ ವೃದ್ಧರೊಬ್ಬರು ತಮ್ಮ ಬಾಗಿಲಿಗೆ ಎರಡು ಹೆಜ್ಜೆ ಇರುವಾಗಲೇ ಬೀಗ ಕಳಚಿದ ಸದ್ದು ಕೇಳಿ, ಭುಜದಿಂದ ಬಾಗಿಲು ನೂಕಿಕೊಂಡು ಒಳಗೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಡುಗುವ ಕೈಗಳಿಂದ ಕಾರ್ಡನ್ನು ಸೀಳಿನಲ್ಲಿ ತೂರಿಸಲು ಹೆಣಗಿದವರಿಗೆ ಇದು ಸಣ್ಣ ಅನುಕೂಲವಲ್ಲ.

ಪ್ರಶ್ನೆ: ಹಾಗಾದರೆ ನಾನು ಎಲ್ಲಿದ್ದೆ, ಯಾರ ಜೊತೆ ಕುಳಿತಿದ್ದೆ, ಏನು ಕುಡಿದೆ ಎಂಬುದೆಲ್ಲ ಹಡಗಿನವರಿಗೆ ತಿಳಿಯುತ್ತದೆಯೇ? ಬಿಲ್ಲೆ ಕಳೆದುಹೋಗಿ ಬೇರೆಯವರ ಕೈಗೆ ಸಿಕ್ಕರೆ ನನ್ನ ವಿವರಗಳ ಗತಿಯೇನು?

ಉತ್ತರ: ಎರಡನೆಯ ಭಾಗಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸುಲಭ. ಇಂಥ ವ್ಯವಸ್ಥೆಗಳಲ್ಲಿ ಬಿಲ್ಲೆಯೊಳಗೆ ನಿಮ್ಮ ಹೆಸರು, ಪಾಸ್‌ಪೋರ್ಟ್, ಬ್ಯಾಂಕ್ ಕಾರ್ಡ್ ಯಾವುದನ್ನೂ ಇಡುವುದಿಲ್ಲ. ಅಲ್ಲಿರುವುದು ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆ ಯಾರದೆಂಬುದು ಹಡಗಿನ ಸರ್ವರ್‌ಗೆ ಗೊತ್ತು. ಪಾನೀಯ ಕೊಡುವ ಸಿಬ್ಬಂದಿಯ ಪರದೆಯಲ್ಲಿ ನಿಮ್ಮ ಭಾವಚಿತ್ರ ಮೂಡುತ್ತದೆ. ಮುಖ ಹೊಂದದಿದ್ದರೆ ಅವರು ಅಲ್ಲಿಗೇ ನಿಲ್ಲಿಸಬೇಕು. ಬಿಲ್ಲೆ ಕಳೆದ ಕೂಡಲೇ ಅತಿಥಿ ಸೇವಾ ಕೌಂಟರಿಗೆ ತಿಳಿಸಿದರೆ ಆ ಸಂಖ್ಯೆಯನ್ನು ರದ್ದುಮಾಡಿ ಹೊಸದನ್ನು ಕೊಡುತ್ತಾರೆ. ಆದರೆ ತಡಮಾಡಬೇಡಿ, ಏಕೆಂದರೆ ರದ್ದಾಗುವವರೆಗೆ ಅದು ನಿಮ್ಮ ಬಾಗಿಲನ್ನು ತೆರೆಯುತ್ತಲೇ ಇರುತ್ತದೆ.

ಮೊದಲ ಭಾಗಕ್ಕೆ ಉತ್ತರ ಹೌದು ಎಂದೇ ಹೇಳಬೇಕು. ಬಿಲ್ಲೆ ಏನನ್ನೂ ನೆನಪಿಡುವುದಿಲ್ಲ, ಹಡಗು ನೆನಪಿಡುತ್ತದೆ. ಬಾಗಿಲು ತೆರೆದ ಹೊತ್ತು, ಕೊಂಡ ವಸ್ತು, ಬ್ಲೂಟೂತ್ ಬಗೆಯದಾದರೆ ಯಾವ ಡೆಕ್ಕಿನ ಯಾವ ಭಾಗದಲ್ಲಿ ಎಷ್ಟು ಹೊತ್ತು ಇದ್ದಿರಿ ಎಂಬುದು ಕೂಡ ದಾಖಲಾಗಬಹುದು. ಈಜುಕೊಳದ ಬಳಿ ಕುಳಿತು ತರಿಸಿದ ತಿಂಡಿ ನೀವು ಕುರ್ಚಿ ಬದಲಿಸಿದರೂ ನಿಮ್ಮನ್ನು ಹುಡುಕಿಕೊಂಡು ಬರುವುದು ಇದರಿಂದಲೇ. ಹಳೆಯ ಪ್ಲಾಸ್ಟಿಕ್ ಕಾರ್ಡ್ ಹಿಡಿದವರೂ ಇದರಿಂದ ಪೂರ್ತಿ ಹೊರಗಿಲ್ಲ. ವಿದ್ಯುನ್ಮಾನ ಬೀಗ ಯಾವ ಕೀಲಿಯಿಂದ ಎಷ್ಟು ಗಂಟೆಗೆ ತೆರೆಯಿತೆಂಬುದನ್ನು ಬರೆದಿಡುತ್ತದೆ. ಕ್ಯಾಬಿನ್ನಿನಲ್ಲಿ ಕಳವು ಅಥವಾ ಅದಕ್ಕಿಂತ ಗಂಭೀರವಾದ ದೂರು ಬಂದಾಗ ಅತಿಥಿಯ ಮಾತಿಗೆ ಆಧಾರವಾಗುವುದೂ ಈ ದಾಖಲೆಯೇ.

ಆದ್ದರಿಂದ ‘ಈ ಬಿಲ್ಲೆಯಲ್ಲಿ ಏನಿದೆ’ ಎಂದು ಕೇಳಿ ಸಮಾಧಾನಪಟ್ಟುಕೊಳ್ಳಬೇಡಿ. ‘ನಾನು ಓಡಾಡಿದ ಜಾಗಗಳ ದಾಖಲೆಯನ್ನು ಪ್ರವಾಸ ಮುಗಿದ ಮೇಲೆ ಎಷ್ಟು ದಿನ ಇಡುತ್ತೀರಿ, ಯಾರಿಗೆ ಕೊಡುತ್ತೀರಿ, ಮಾರಾಟದ ಪ್ರಚಾರಕ್ಕೆ ಬಳಸದಂತೆ ತಡೆಯುವ ಆಯ್ಕೆ ಎಲ್ಲಿದೆ’ ಎಂದು ಬುಕಿಂಗ್ ಸಮಯದಲ್ಲೇ ಬರಹದಲ್ಲಿ ಕೇಳಿ. ಐರೋಪ್ಯ ಒಕ್ಕೂಟದ ವೈಯಕ್ತಿಕ ಮಾಹಿತಿ ರಕ್ಷಣಾ ನಿಯಮವಾದ ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ; ಅದರ ವ್ಯಾಪ್ತಿಗೆ ಬರುವ ಸಂಸ್ಥೆಯಾದರೆ ನಿಮ್ಮ ಬಗ್ಗೆ ಇರುವ ದಾಖಲೆಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ, ಮತ್ತು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಅವರು ಉತ್ತರಿಸಬೇಕು. ಇದನ್ನು ಕೇಳುವವರು ತೀರ ಕಡಿಮೆ. ಹೆಚ್ಚು ಜನ ಕೇಳಿದಷ್ಟೂ ಕಂಪನಿಗಳು ಎಚ್ಚರದಿಂದಿರುತ್ತವೆ ಎಂಬುದನ್ನು ನಾನು ಒಳಗಿನಿಂದ ನೋಡಿ ಹೇಳುತ್ತಿದ್ದೇನೆ.

ಪ್ರಶ್ನೆ: ಹಡಗಿನಲ್ಲಿ ಬೆಂಕಿಯೋ ಅಪಘಾತವೋ ಆದರೆ ಈ ಸಾಧನದಿಂದ ನಮ್ಮನ್ನು ಪತ್ತೆಹಚ್ಚಬಹುದಲ್ಲವೇ? ಹಾಗಿರುವಾಗ ಮಸ್ಟರ್ ಅಭ್ಯಾಸಕ್ಕೆ, ಅಂದರೆ ಅಪಾಯದ ಹೊತ್ತಿನಲ್ಲಿ ಸೇರಬೇಕಾದ ಜಾಗಕ್ಕೆ ಹೋಗಿ ಹಾಜರಾಗುವ ತಾಲೀಮಿಗೆ, ಎಲ್ಲರನ್ನೂ ಎಬ್ಬಿಸಿ ಕರೆಯುವುದು ಏಕೆ?

ಉತ್ತರ: ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ನನಗೆ ಅತಿ ಹೆಚ್ಚು ಆತಂಕ ಇರುವುದು ಈ ತಪ್ಪು ತಿಳಿವಳಿಕೆಯ ಬಗ್ಗೆ. ಸಾಧನ ತಿಳಿಸುವುದು ತಾನು ಎಲ್ಲಿದ್ದೇನೆ ಎಂಬುದನ್ನು. ನೀವು ಎಲ್ಲಿದ್ದೀರಿ ಎಂಬುದನ್ನು ಅಲ್ಲ.

ಒಂದು ಅಭ್ಯಾಸದ ದಿನ ನಮ್ಮ ಪಟ್ಟಿಯಲ್ಲಿ ಒಬ್ಬ ಮಹಿಳೆ ಕಡಿಮೆ ಬಿದ್ದರು. ಪರದೆ ನೋಡಿದರೆ ಅವರು ಕ್ಯಾಬಿನ್ನಿನಲ್ಲೇ ಇದ್ದಾರೆಂದು ತೋರಿಸುತ್ತಿತ್ತು. ಇಬ್ಬರು ಸಿಬ್ಬಂದಿ ಓಡಿಹೋಗಿ ಬಾಗಿಲು ತಟ್ಟಿದರು, ಉತ್ತರವಿಲ್ಲ. ತೆರೆದು ನೋಡಿದರೆ ಹಾಸಿಗೆಯ ಪಕ್ಕದ ದೀಪದ ಕಂಬಕ್ಕೆ ಕೊರಳ ದಾರದ ಸಮೇತ ಬಿಲ್ಲೆ ನೇತಾಡುತ್ತಿತ್ತು. ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟವರು ಮರೆತು ಹೋಗಿದ್ದರು. ಆ ಹೊತ್ತಿಗೆಲ್ಲ ಅವರು ತಪ್ಪಾಗಿ ಇನ್ನೊಂದು ಮಸ್ಟರ್ ಸ್ಥಳದಲ್ಲಿ ಶಾಂತವಾಗಿ ನಿಂತಿದ್ದರು. ನಿಜವಾದ ಬೆಂಕಿಯಾಗಿದ್ದರೆ ಆ ಇಬ್ಬರು ಸಿಬ್ಬಂದಿ ಯಾರೂ ಇಲ್ಲದ ಕೋಣೆಯನ್ನು ಹುಡುಕಲು ಹೊಗೆಯೊಳಗೆ ಹೋಗಬೇಕಾಗುತ್ತಿತ್ತು. ಆ ದೀಪದ ಕಂಬ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಇನ್ನು ಸೆನ್ಸರ್‌ಗಳ ಮಿತಿ. ಹಡಗೆಂದರೆ ಉಕ್ಕಿನ ಪೆಟ್ಟಿಗೆಗಳ ಮೇಲೆ ಪೆಟ್ಟಿಗೆ. ಉಕ್ಕು ರೇಡಿಯೋ ತರಂಗವನ್ನು ತಡೆಯುತ್ತದೆ, ಪ್ರತಿಫಲಿಸುತ್ತದೆ. ಮನುಷ್ಯನ ಮೈ ಬಹುಪಾಲು ನೀರಾದ್ದರಿಂದ ಅದು ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ತರಂಗವನ್ನು ಹೀರಿಕೊಳ್ಳುತ್ತದೆ. ಜನ ಕಿಕ್ಕಿರಿದ ಮೆಟ್ಟಿಲಿನಲ್ಲಿ, ಅಂದರೆ ಮಾಹಿತಿ ಅತ್ಯಂತ ಬೇಕಾದ ಜಾಗದಲ್ಲಿಯೇ, ಅಂದಾಜು ಮಸುಕಾಗುತ್ತದೆ. ಇದರ ಮೇಲೆ, ವಿದ್ಯುತ್ ಕಡಿತಗೊಂಡರೆ ಕೇಳಿಸಿಕೊಳ್ಳುವ ಸೆನ್ಸರ್‌ಗಳೇ ಮೂಕವಾಗಬಹುದು.

2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯ ಹಡಗು ಬಂಡೆಗೆ ಬಡಿದು ವಾಲಿದಾಗ 32 ಜನ ಸತ್ತರು. ಅದೇ ದಿನ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಇನ್ನೂ ಅಭ್ಯಾಸವೇ ನಡೆದಿರಲಿಲ್ಲ. ಆಗಿನ ನಿಯಮದ ಪ್ರಕಾರ ಹತ್ತಿದ 24 ಗಂಟೆಯೊಳಗೆ ನಡೆಸಿದರೆ ಸಾಕಾಗಿತ್ತು. ಆ ದುರಂತದ ನಂತರ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ತಿದ್ದುಪಡಿಯಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ನಡೆಸಬೇಕೆಂಬ ನಿಯಮ 2015ರ ಜನವರಿ 1ರಿಂದ ಜಾರಿಗೆ ಬಂದಿತು. ಈಗ ಕೆಲವು ಹಡಗುಗಳಲ್ಲಿ ಮಾಹಿತಿಯನ್ನು ಫೋನಿನಲ್ಲಿ ನೋಡಿಕೊಂಡು, ನಿಮ್ಮ ಮಸ್ಟರ್ ಸ್ಥಳಕ್ಕೆ ಹೋಗಿ ಬ್ಯಾಂಡ್ ಅಥವಾ ಕಾರ್ಡ್ ತೋರಿಸಿ ಬರುವ ಪದ್ಧತಿ ಇದೆ. ಸಾಧನ ಸಹಾಯ ಮಾಡುವುದು ಅಲ್ಲಿ, ಹಾಜರಿ ಹಾಕುವುದರಲ್ಲಿ. ಆ ಸ್ಥಳಕ್ಕೆ ದಾರಿ ಕಾಲಿಗೆ ಪರಿಚಯವಾಗಬೇಕಾದದ್ದು ನಿಮಗೆ. ಲಿಫ್ಟ್ ಬಿಟ್ಟು ಮೆಟ್ಟಿಲಿನಿಂದಲೇ ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ (ಮೇಲಿನದಕ್ಕೆ ಸೇರಿಸಿ): ಯಾರಾದರೂ ಸಮುದ್ರಕ್ಕೆ ಬಿದ್ದರೆ ಬ್ಯಾಂಡ್ ಎಚ್ಚರಿಸುವುದಿಲ್ಲವೇ?

ಉತ್ತರ: ಅತಿಥಿಗಳಿಗೆ ಕೊಡುವ ಸಾಮಾನ್ಯ ಬ್ಯಾಂಡಿನಿಂದ ಅದನ್ನು ನಿರೀಕ್ಷಿಸಬೇಡಿ. ನೀರಿನಲ್ಲಿ ಮುಳುಗಿದ ಬ್ಲೂಟೂತ್ ಸಂಕೇತ ಹೊರಗೆ ಬರುವುದಿಲ್ಲ, ಬ್ಯಾಟರಿಯಿಲ್ಲದ ಬ್ಯಾಂಡ್ ಅಂತೂ ಸಂಕೇತವನ್ನೇ ಹೊರಡಿಸುವುದಿಲ್ಲ. ಈ ಕೆಲಸಕ್ಕೆ ಹಡಗಿನ ಮೈಗೆ ಅಳವಡಿಸುವ ಉಷ್ಣ ಕ್ಯಾಮೆರಾ, ರೇಡಾರ್ ಮುಂತಾದ ಪ್ರತ್ಯೇಕ ವ್ಯವಸ್ಥೆಗಳಿವೆ. ಅಮೆರಿಕದ 2010ರ ಪ್ರವಾಸಿ ಹಡಗು ಸುರಕ್ಷತಾ ಕಾನೂನು ಅಂಥ ತಂತ್ರಜ್ಞಾನ ಲಭ್ಯವಿರುವ ಮಟ್ಟಿಗೆ ಅಳವಡಿಸಬೇಕೆಂದೂ, ಡೆಕ್ಕಿನ ಕಟಕಟೆ ಕನಿಷ್ಠ 42 ಅಂಗುಲ ಎತ್ತರವಿರಬೇಕೆಂದೂ ಹೇಳುತ್ತದೆ. ಆ ಕಟಕಟೆಯ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯಬೇಡಿ. ದಯವಿಟ್ಟು.

ಪ್ರಶ್ನೆ: ನಮ್ಮ ತಂದೆಗೆ ಪೇಸ್‌ಮೇಕರ್ ಇದೆ. ಬಿಲ್ಲೆಯನ್ನು ಕೊರಳಿಗೆ ಹಾಕಿಕೊಳ್ಳಬಹುದೇ?

ಉತ್ತರ: ಕೊರಳಿಗೆ ಬೇಡ, ಮಣಿಕಟ್ಟಿಗೆ ಕಟ್ಟಿಕೊಳ್ಳಲಿ, ಅದೂ ಪೇಸ್‌ಮೇಕರ್ ಇರುವ ಬದಿಗೆ ವಿರುದ್ಧವಾದ ಕೈಗೆ. ಇಂಥ ಸಾಧನದ ಪ್ರಸಾರ ಶಕ್ತಿ ಬಹಳ ಕಡಿಮೆ. ಆದರೂ ದಾರದ ಕೊಂಡಿಯಲ್ಲೋ ಬಿಲ್ಲೆಯ ಕವಚದಲ್ಲೋ ಆಯಸ್ಕಾಂತ ಇರಬಹುದು, ಮತ್ತು ಕೊರಳಿಗೆ ಹಾಕಿದ್ದು ಎದೆಯ ಮೇಲೆಯೇ ಬಂದು ಕೂರುತ್ತದೆ. ಫೋನ್ ಮತ್ತು ಸ್ಮಾರ್ಟ್‌ವಾಚ್‌ಗಳನ್ನು ದೇಹದೊಳಗಿನ ವೈದ್ಯಕೀಯ ಸಾಧನದಿಂದ ಆರು ಅಂಗುಲ ದೂರ ಇಡಬೇಕೆಂಬುದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸಲಹೆ. ಬಿಲ್ಲೆಗೂ ಅದನ್ನೇ ಪಾಲಿಸುವುದು ಜಾಣತನ. ಹೊರಡುವ ಮೊದಲು ಹೃದ್ರೋಗ ತಜ್ಞರನ್ನು ಒಮ್ಮೆ ಕೇಳಿಬಿಡಿ.

ಪ್ರಶ್ನೆ: ಮಕ್ಕಳಿಗೆ ಬ್ಯಾಂಡ್ ಕಟ್ಟಿದರೆ ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಅನುಕೂಲ ಖಂಡಿತ ಇದೆ. ಡಿಸ್ನಿ ಹಡಗುಗಳ ಮಕ್ಕಳ ಕ್ಲಬ್ಬಿನಲ್ಲಿ ಬ್ಯಾಂಡ್ ಬಳಕೆ ಬಹಳ ಹಿಂದಿನಿಂದ ಇದೆ, ಎಂಎಸ್‌ಸಿ ಸಂಸ್ಥೆಯೂ 2017ರಲ್ಲಿ ಮೆರವಿಲ್ಯಾ ಹಡಗಿನೊಂದಿಗೆ ಕೈಪಟ್ಟಿ ವ್ಯವಸ್ಥೆ ತಂದಿತು. ಆದರೆ ಇಬ್ಬರು ಗೆಳತಿಯರು ಬಣ್ಣ ಇಷ್ಟವಾಯಿತೆಂದು ಬ್ಯಾಂಡ್ ಅದಲುಬದಲು ಮಾಡಿಕೊಂಡರೆ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಒಬ್ಬ ತಾಯಿ ಫೋನಿನಲ್ಲಿ ಮಗಳ ಚುಕ್ಕಿಯನ್ನು ಹಿಂಬಾಲಿಸಿಕೊಂಡು ಮೂರು ಡೆಕ್ ಇಳಿದು ಬಂದು, ಅಪರಿಚಿತ ಮಗುವಿನ ಭುಜ ಮುಟ್ಟಿ ತಿರುಗಿಸಿದಾಗ ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ. ಮಗಳು ಐಸ್‌ಕ್ರೀಮ್ ಸರತಿಯಲ್ಲಿ ಸಿಕ್ಕಳು. ಸುಲಭವಾಗಿ ಬಿಚ್ಚಲು ಬಾರದ ಕೊಂಡಿಯ ಬ್ಯಾಂಡ್ ಕೇಳಿ ಪಡೆಯಿರಿ, ಮತ್ತು ಕ್ಯಾಬಿನ್ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸಿ.

ಬ್ಯಾಟರಿಯುಳ್ಳ ಸಾಧನವಾದರೆ ಇನ್ನೊಂದು ಎಚ್ಚರಿಕೆ ಬೇಕು. ಹೊರಕವಚ ಬಿರುಕುಬಿಟ್ಟಿದ್ದರೆ ಕೂಡಲೇ ಹಿಂದಿರುಗಿಸಿ. ಗುಂಡಿ ಬ್ಯಾಟರಿಯನ್ನು ಚಿಕ್ಕ ಮಕ್ಕಳು ನುಂಗಿದರೆ ಅನ್ನನಾಳ ಎರಡು ಗಂಟೆಯೊಳಗೇ ತೀವ್ರವಾಗಿ ಸುಡಬಹುದು. ಅಂಥ ಅನುಮಾನ ಬಂದರೆ ಕಾಯದೆ ಹಡಗಿನ ವೈದ್ಯರ ಬಳಿಗೆ ಓಡಬೇಕು.

ಪ್ರಶ್ನೆ: ನನ್ನ ಬಳಿ ಸಿಮ್ ಇರುವ ಸ್ಮಾರ್ಟ್‌ವಾಚ್ ಇದೆ. ಹಡಗಿನಲ್ಲಿ ಏನು ಗಮನಿಸಬೇಕು?

ಉತ್ತರ: ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕುವವರು ವಾಚನ್ನು ಮರೆಯುತ್ತಾರೆ. ದಡ ದೂರವಾದ ಮೇಲೆ ಹಡಗಿನದೇ ಉಪಗ್ರಹ ಆಧಾರಿತ ಮೊಬೈಲ್ ಜಾಲ ಶುರುವಾಗುತ್ತದೆ, ವಾಚ್ ತಾನಾಗಿಯೇ ಅದಕ್ಕೆ ಅಂಟಿಕೊಂಡರೆ ರೋಮಿಂಗ್ ಬಿಲ್ ಏರುತ್ತದೆ. ಎರಡನ್ನೂ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಹಡಗಿನ ವೈಫೈ ಮತ್ತು ಬ್ಲೂಟೂತ್ ಮಾತ್ರ ಚಾಲೂ ಮಾಡಿಕೊಳ್ಳಿ.

ಸಮಯದ ವಿಷಯ ಇದಕ್ಕಿಂತ ಮುಖ್ಯ. ಹಡಗು ಅನುಸರಿಸುವ ಹಡಗಿನ ಸಮಯ ಬಂದರಿನ ಸ್ಥಳೀಯ ಸಮಯಕ್ಕಿಂತ ಬೇರೆಯಾಗಿರಬಹುದು. ಇಳಿದ ಕೂಡಲೇ ವಾಚ್ ತೀರದ ಗೋಪುರದಿಂದ ಸಮಯ ಹಿಡಿದು ಸದ್ದಿಲ್ಲದೆ ಒಂದು ಗಂಟೆ ಹಿಂದಕ್ಕೆ ಜರುಗಿದರೆ, ನೀವು ನಿಶ್ಚಿಂತೆಯಿಂದ ವಾಪಸ್ ಬರುವಷ್ಟರಲ್ಲಿ ಹಡಗು ಹೊರಟುಹೋಗಿರುತ್ತದೆ. ತಾನಾಗಿ ಸಮಯ ಬದಲಿಸಿಕೊಳ್ಳುವ ಸೌಲಭ್ಯವನ್ನು ನಿಲ್ಲಿಸಿ, ಹಡಗಿನ ಸಮಯವನ್ನು ಕೈಯಾರೆ ಇಟ್ಟುಕೊಳ್ಳಿ.

ಪ್ರಶ್ನೆ: ಅತ್ತೆಗೆ ಮರೆವಿನ ಕಾಯಿಲೆ ಆರಂಭವಾಗಿದೆ. ಅವರನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋಗುವ ಆಸೆ. ದಾರಿ ತಪ್ಪಿದರೆ ಬಿಲ್ಲೆಯಿಂದ ಹುಡುಕಬಹುದೇ?

ಉತ್ತರ: ಈ ಸಾಧನಗಳಿಂದ ನಿಜವಾದ ಉಪಕಾರವಾಗುವುದು ಇಂಥ ಕುಟುಂಬಗಳಿಗೇ. ಬ್ಲೂಟೂತ್ ಬಗೆಯ ಬಿಲ್ಲೆಯಿರುವ ಹಡಗನ್ನೇ ಆರಿಸಿಕೊಳ್ಳಿ. ಒಟ್ಟಿಗೆ ಪ್ರಯಾಣಿಸುವವರು ಒಬ್ಬರನ್ನೊಬ್ಬರು ಹುಡುಕುವ ಸೌಲಭ್ಯ ಅದರಲ್ಲಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಹಡಗು ಹತ್ತಿದ ದಿನವೇ ನಿಮ್ಮ ಕ್ಯಾಬಿನ್ ಸಹಾಯಕರಿಗೂ ಅತಿಥಿ ಸೇವಾ ಕೌಂಟರಿಗೂ ವಿಷಯ ತಿಳಿಸಿ, ಸಂಕೋಚ ಬೇಡ. ಬಿಲ್ಲೆಯನ್ನು ಕೊರಳಿಗಿಂತ ಕೈಗೆ ಕಟ್ಟುವುದು ಮೇಲು, ಏಕೆಂದರೆ ಬಟ್ಟೆ ಬದಲಿಸುವಾಗ ದಾರ ತೆಗೆದಿಟ್ಟು ಮರೆಯುವ ಸಂಭವ ಹೆಚ್ಚು. ಬಾಲ್ಕನಿಯಿಲ್ಲದ, ಕಿಟಕಿ ತೆರೆಯದ ಕ್ಯಾಬಿನ್ ತೆಗೆದುಕೊಳ್ಳಿ. ಮತ್ತು ಅವರ ಬಿಲ್ಲೆಗೆ ಬಾಗಿಲು ತಾನಾಗಿ ತೆರೆದುಕೊಂಡರೂ ಒಳಗಿನಿಂದ ಹೊರಹೋಗಲು ಯಾವ ಸಾಧನವೂ ಬೇಕಾಗಿಲ್ಲ ಎಂಬುದು ನೆನಪಿರಲಿ. ರಾತ್ರಿ ಬಾಗಿಲಿನ ಬದಿಯ ಹಾಸಿಗೆಯಲ್ಲಿ ನಿಮ್ಮಲ್ಲೊಬ್ಬರು ಮಲಗಿ.